ನೇಮಿಸಿದ ದಿನದ ಕಾಗದ ತೋರಿಸಿ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಎಂಟು ವರ್ಷಗಳಿಂದ ಈಜುತ್ತಿದ್ದಾಳೆ. ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯ ಅವಳಿಗೆ ಕ್ರೀಡಾ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಿದೆ. ಈಜು ಕೋಚ್ ಜೊತೆ ಮಾತನಾಡಿದ್ದೇವೆ, ಒಳ್ಳೆಯವರಂತೆ ಕಾಣುತ್ತಾರೆ. ಆದರೆ ಅಲ್ಲಿನ ಅಥ್ಲೆಟಿಕ್ ಡೈರೆಕ್ಟರ್ ಈ ವರ್ಷ ಬಂದ ಹೊಸಬರು. ಹಿಂದಿನ ಕಾಲೇಜಿನಲ್ಲಿ ಗೆಲ್ಲುತ್ತಿದ್ದ ಫುಟ್‌ಬಾಲ್ ಕೋಚ್ ಒಬ್ಬರನ್ನು ದುರ್ನಡತೆಗಾಗಿ ವಜಾ ಮಾಡಿ ಹೆಸರು ಗಳಿಸಿದವರಂತೆ. ಹುಡುಕಿ ಓದಿದರೆ ಕೆಲವರು ದೇವರಂಥ ಮನುಷ್ಯ ಎನ್ನುತ್ತಾರೆ, ಕೆಲವರು ಮಹಾ ಸುಳ್ಳುಗಾರ ಎನ್ನುತ್ತಾರೆ. ಇಂಥವರ ಗುಣವನ್ನು ಇಷ್ಟು ದೂರದಿಂದ ಅಳೆಯುವುದು ಹೇಗೆ?

ಉತ್ತರ: ಅಥ್ಲೆಟಿಕ್ ಡೈರೆಕ್ಟರ್ ಎಂದ ಕೂಡಲೇ ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಕಣ್ಣ ಮುಂದೆ ಬರುತ್ತಾರೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಹಾಜರಿ ಪುಸ್ತಕ, ಬೆಳಿಗ್ಗೆ ಆರಕ್ಕೆ ಮೈದಾನ. ಅಮೆರಿಕದಲ್ಲಿ ಆ ಹುದ್ದೆಯ ಸ್ವರೂಪವೇ ಬೇರೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಆ ಕುರ್ಚಿಯಲ್ಲಿ ಕೂತವರು ವರ್ಷಕ್ಕೆ 10 ಕೋಟಿ ಡಾಲರ್ ಮೀರಿದ ಹಣವನ್ನು ನಿಭಾಯಿಸುತ್ತಾರೆ. ಅದರ ಬಹುಪಾಲನ್ನು ತರುವುದು ಅಮೆರಿಕನ್ ಫುಟ್‌ಬಾಲ್. ಈಜಿನಂಥ ಆಟಗಳು ಆ ಹಣದ ನೆರಳಿನಲ್ಲಿ ಬದುಕುತ್ತವೆ. ನಿಮ್ಮ ಮಗಳನ್ನು ಆರಿಸುವವರು ಕೋಚ್ ಇರಬಹುದು. ಆ ಕೋಚ್ ಉಳಿಯುತ್ತಾರೆಯೇ, ತಂಡವೇ ಉಳಿಯುತ್ತದೆಯೇ, ಮಗಳು ಒಂದು ದೂರು ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವವರು ಈ ಡೈರೆಕ್ಟರ್. ಆದ್ದರಿಂದ ನೀವು ಸರಿಯಾದ ಮನುಷ್ಯನ ಬಗ್ಗೆಯೇ ಕೇಳಿದ್ದೀರಿ.

ನಾನು ಅಲ್ಲಿನ ಎರಡು ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗಗಳಲ್ಲಿ, ನಿಯಮಪಾಲನೆ ನೋಡಿಕೊಳ್ಳುವ ಕಚೇರಿಯಲ್ಲಿ, ಹದಿನಾರು ವರ್ಷ ಕೆಲಸ ಮಾಡಿದೆ. ನಾಲ್ವರು ಡೈರೆಕ್ಟರ್‌ಗಳನ್ನು ಕಂಡೆ. ಅವರಲ್ಲಿ ಒಬ್ಬರು ನನ್ನ ಮಕ್ಕಳ ಹೆಸರು, ಹುಟ್ಟುಹಬ್ಬ ಎಲ್ಲ ನೆನಪಿಟ್ಟುಕೊಂಡಿದ್ದವರು. ಕೋಚ್ ಒಬ್ಬರ ಮೇಲೆ ಬಂದ ದೂರನ್ನು ಐದು ತಿಂಗಳು ಮೇಜಿನ ಖಾನೆಯಲ್ಲಿಟ್ಟುಕೊಂಡರು. ಎದುರು ಸಿಕ್ಕರೆ ತಲೆಯನ್ನೂ ಆಡಿಸದಿದ್ದ ಇನ್ನೊಬ್ಬರು ಅಂಥದೇ ದೂರು ಬಂದ ಸಂಜೆ ಮನೆಗೆ ಹೋಗದೆ ಕುಳಿತು, ಎಲ್ಲವನ್ನೂ ಬರೆದು, ಅದೇ ರಾತ್ರಿ ತನಿಖಾ ಕಚೇರಿಗೆ ಕಳುಹಿಸಿದರು. ಮುಖ ನೋಡಿ ಮಣೆ ಹಾಕುವುದನ್ನು ನಾನು ಬಿಟ್ಟದ್ದು ಆಗಲೇ.

ನೀವು ಹೇಳಿದ ಮಾದರಿಗೆ ತೀರ ಹತ್ತಿರದ, ಎಲ್ಲ ದಾಖಲೆಗಳೂ ಹೊರಬಂದಿರುವ ಒಂದು ಪ್ರಕರಣವಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

2012ರ ಏಪ್ರಿಲ್ 1ರಂದು ಆರ್ಕನ್ಸಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಬಾಬಿ ಪೆಟ್ರಿನೊ ಮೋಟಾರ್‌ಸೈಕಲ್‌ನಿಂದ ಬಿದ್ದು ಗಾಯಗೊಂಡರು. ಒಬ್ಬನೇ ಇದ್ದೆ ಎಂದು ಮೊದಲು ಹೇಳಿಕೊಂಡರು. ಪೊಲೀಸರ ವರದಿ ಹೊರಬರುವ ಹೊತ್ತಿಗೆ, ಹಿಂದೆ ಕುಳಿತಿದ್ದವರು ಅವರೇ ಕೆಲವೇ ದಿನಗಳ ಹಿಂದೆ ತಮ್ಮ ವಿಭಾಗಕ್ಕೆ ನೇಮಿಸಿಕೊಂಡಿದ್ದ 25 ವರ್ಷದ ಉದ್ಯೋಗಿ ಎಂದು ತಿಳಿಯಿತು. ಅವರಿಬ್ಬರ ನಡುವೆ ಸಂಬಂಧವಿತ್ತು. ಆಕೆಗೆ ಪೆಟ್ರಿನೊ 20,000 ಡಾಲರ್ ಕೊಟ್ಟಿದ್ದರು, ಆ ಕೆಲಸಕ್ಕೆ 159 ಮಂದಿ ಅರ್ಜಿ ಹಾಕಿದ್ದರು. ಹಿಂದಿನ ಋತುವಿನಲ್ಲಷ್ಟೇ ತಂಡ 11 ಪಂದ್ಯ ಗೆದ್ದು ಎರಡು ಸೋತಿತ್ತು. ಡೈರೆಕ್ಟರ್ ಜೆಫ್ ಲಾಂಗ್ ಏಪ್ರಿಲ್ 10ರಂದು ಪೆಟ್ರಿನೊ ಅವರನ್ನು ವಜಾ ಮಾಡಿದರು. ಒಪ್ಪಂದದಲ್ಲಿದ್ದ 1.8 ಕೋಟಿ ಡಾಲರ್ ಪರಿಹಾರವನ್ನೂ ಕೊಡಲಿಲ್ಲ. ಆಟಗಾರರಿಗೆ ವಿಷಯ ತಿಳಿಸಿದ್ದನ್ನು ಹೇಳುವಾಗ ಅವರ ಗಂಟಲು ಕಟ್ಟಿತು, ದೇಶವೆಲ್ಲ ಅದನ್ನು ಟಿವಿಯಲ್ಲಿ ನೋಡಿತು. ಗೆಲುವಿಗಿಂತ ನೀತಿ ದೊಡ್ಡದೆಂದ ಮನುಷ್ಯ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. 2013ರಲ್ಲಿ, ರಾಷ್ಟ್ರೀಯ ಪ್ರಶಸ್ತಿಗೆ ಸೆಣಸುವ ತಂಡಗಳನ್ನು ಆರಿಸುವ ಕಾಲೇಜು ಫುಟ್‌ಬಾಲ್ ಪ್ಲೇಆಫ್ ಆಯ್ಕೆ ಸಮಿತಿಯ ಮೊದಲ ಅಧ್ಯಕ್ಷರೂ ಅವರೇ ಆದರು.

ಆ ವಜಾ ಸರಿಯಾದ ತೀರ್ಮಾನ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ನಾನು ಅರ್ಧ ಅಂಕ ಮಾತ್ರ ಕೊಡುತ್ತೇನೆ. ಪೊಲೀಸ್ ವರದಿ ಹೊರಬಿದ್ದ ಮೇಲೆ, ಕೋಚ್ ತನ್ನ ಬಾಸ್‌ಗೇ ಸುಳ್ಳು ಹೇಳಿದ್ದು ಸಾಬೀತಾದ ಮೇಲೆ, ಬೇರೆ ದಾರಿ ಎಷ್ಟಿತ್ತು? ಮಿಕ್ಕ ಅರ್ಧ ಅಂಕಕ್ಕೆ 2007ರ ಡಿಸೆಂಬರ್‌ಗೆ ಹೋಗಬೇಕು. ಲಾಂಗ್ ಅಧಿಕಾರ ವಹಿಸಿಕೊಳ್ಳುವ ಹೊಸ್ತಿಲಲ್ಲಿ ಆರಿಸಿಕೊಂಡದ್ದು ಇದೇ ಪೆಟ್ರಿನೊ ಅವರನ್ನು. ಆಗ ಪೆಟ್ರಿನೊ ಅಟ್ಲಾಂಟಾ ಫಾಲ್ಕನ್ಸ್ ಎಂಬ ವೃತ್ತಿಪರ ತಂಡದ ಕೋಚ್. ಋತುವಿನಲ್ಲಿ ಇನ್ನೂ ಮೂರು ಪಂದ್ಯ ಬಾಕಿಯಿರುವಾಗಲೇ ಆಟಗಾರರ ಲಾಕರ್‌ಗಳಲ್ಲಿ ನಾಲ್ಕು ಸಾಲಿನ ಚೀಟಿ ಇಟ್ಟು ಹೊರಟು ಬಂದವರು. ಅದಕ್ಕೂ ಮೊದಲು, 2003ರಲ್ಲಿ, ಲೂಯಿವಿಲ್ ತಂಡದಲ್ಲಿದ್ದಾಗ ಇನ್ನೊಂದು ವಿಶ್ವವಿದ್ಯಾಲಯದ ಅಧಿಕಾರಿಗಳನ್ನು, ಅಲ್ಲಿ ಕೋಚ್ ಇನ್ನೂ ಕೆಲಸದಲ್ಲಿರುವಾಗಲೇ, ಗುಟ್ಟಾಗಿ ಭೇಟಿಯಾಗಿ ಸಿಕ್ಕಿಬಿದ್ದಿದ್ದರು. ಇದೆಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಗುಟ್ಟು ಮಾಡುವ ಸ್ವಭಾವ ಗೊತ್ತಿದ್ದೂ ನೇಮಿಸಿದರು, ಗುಟ್ಟು ಮಾಡಿದ್ದಕ್ಕೆ ತೆಗೆದರು.

ಇನ್ನು ಮುಂದಿನ ಅಧ್ಯಾಯ. ಆರ್ಕನ್ಸಾದವರು 2017ರ ನವೆಂಬರ್‌ನಲ್ಲಿ ಲಾಂಗ್ ಅವರನ್ನೇ ಕಳುಹಿಸಿದರು. ಮರುವರ್ಷ ಕ್ಯಾನ್ಸಸ್ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತು. ಅಲ್ಲಿನ ಕೋಚ್ ಡೇವಿಡ್ ಬೀಟಿ ಅವರನ್ನು ತೆಗೆಯುವುದಾಗಿ 2018ರ ನವೆಂಬರ್ 4ರಂದು ಘೋಷಿಸಿ, 18ರಂದು ಹೊಸ ಕೋಚ್ ಆಗಿ ಲೆಸ್ ಮೈಲ್ಸ್ ಅವರನ್ನು ಪರಿಚಯಿಸಿದರು. ನಡುವೆ ಹದಿನಾಲ್ಕು ದಿನ. ಲಾಂಗ್ ಮತ್ತು ಮೈಲ್ಸ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಒಂದು ಕಾಲದಲ್ಲಿ ಒಟ್ಟಿಗೆ ಕೆಲಸ ಮಾಡಿದ ಹಳೆಯ ಪರಿಚಯಸ್ಥರು. ಬೀಟಿ ಅವರಿಗೆ ಕೊಡಬೇಕಿದ್ದ 30 ಲಕ್ಷ ಡಾಲರ್ ಅನ್ನು, ಅವರ ಕಾಲದಲ್ಲಿ ನಿಯಮ ಉಲ್ಲಂಘನೆ ನಡೆದಿರಬಹುದೆಂಬ ಕಾರಣ ಮುಂದೊಡ್ಡಿ ತಡೆಹಿಡಿಯಲಾಯಿತು. ಬೀಟಿ ನ್ಯಾಯಾಲಯಕ್ಕೆ ಹೋದರು. 2020ರಲ್ಲಿ 25.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಪೆಟ್ರಿನೊ ವಿಷಯದಲ್ಲಿ ಪರಿಹಾರ ಕೊಡದಿದ್ದದ್ದು ನೀತಿಯಂತೆ ಕಂಡಿತ್ತು. ಇಲ್ಲಿ ಅದೇ ಕೆಲಸ ಜಿಪುಣತನದಂತೆ ಕಂಡಿತು. ಯಾವುದು ನಿಜವಾದ ಲಾಂಗ್ ಎಂದು ಕೇಳಬೇಡಿ, ಎರಡೂ ಅವರೇ.

2021ರ ಮಾರ್ಚ್ ಮೊದಲ ವಾರದಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಹಳೆಯ ಕಡತ ಬಯಲಾಯಿತು. ಮೈಲ್ಸ್ ಅಲ್ಲಿ 2005ರಿಂದ 2016ರವರೆಗೆ ಕೋಚ್ ಆಗಿದ್ದವರು, 2007ರ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರು. ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯರೊಂದಿಗೆ ಅವರ ನಡವಳಿಕೆ ಅನುಚಿತವಾಗಿತ್ತು ಎಂದು 2013ರಲ್ಲೇ ವಕೀಲರ ಸಂಸ್ಥೆಯೊಂದು ವಿಶ್ವವಿದ್ಯಾಲಯಕ್ಕೆ ವರದಿ ಕೊಟ್ಟಿತ್ತು. ಒಬ್ಬ ವಿದ್ಯಾರ್ಥಿನಿ ಮಾಡಿದ್ದ ಗಂಭೀರ ಆರೋಪವನ್ನು ಮೈಲ್ಸ್ ಅಲ್ಲಗಳೆದಿದ್ದರು. ವಿಶ್ವವಿದ್ಯಾಲಯ ಹಾವೂ ಸಾಯದಂತೆ, ಕೋಲೂ ಮುರಿಯದಂತೆ ನೋಡಿಕೊಂಡಿತು: ವಿದ್ಯಾರ್ಥಿನಿಯರೊಂದಿಗೆ ಒಬ್ಬರೇ ಇರಬಾರದು, ಆಪ್ತಸಮಾಲೋಚನೆಗೆ ಹೋಗಬೇಕು ಎಂದಿತು, ಕಡತ ಮುಚ್ಚಿತು. ಅದು ತೆರೆದ ಕೆಲವೇ ದಿನಗಳಲ್ಲಿ ಕ್ಯಾನ್ಸಸ್‌ನಲ್ಲಿ ಮೈಲ್ಸ್ ಕೆಲಸ ಹೋಯಿತು, ಮಾರ್ಚ್ 10ರಂದು ಲಾಂಗ್ ಅವರೂ ಹೊರನಡೆದರು. ನಿನ್ನ ಹಿಂದಿನ ಬದುಕಿನಲ್ಲಿ ನಮಗೆ ಮುಜುಗರ ತರುವಂಥದ್ದು ಏನಾದರೂ ಇದೆಯೇ ಎಂದು ಮೈಲ್ಸ್ ಅವರನ್ನು ನೇರವಾಗಿಯೇ ಕೇಳಲಾಗಿತ್ತು, ಇಲ್ಲ ಎಂದಿದ್ದರು ಎಂಬುದು ಲಾಂಗ್ ಕೊಟ್ಟ ವಿವರಣೆ. ಹುಡುಗನನ್ನೇ ಕರೆದು ನೀನು ಕುಡಿಯುತ್ತೀಯಾ ಎಂದು ಕೇಳಿ, ಇಲ್ಲ ಎಂದ ಮೇಲೆ ಮಗಳನ್ನು ಕೊಟ್ಟು ಮದುವೆ ಮಾಡುವವರು ನಮ್ಮಲ್ಲಿಯೂ ಇದ್ದಾರೆ. ಆದರೆ ಅವರು ಕೋಟ್ಯಂತರ ಡಾಲರ್ ಸಾರ್ವಜನಿಕ ಸಂಸ್ಥೆಯ ಯಜಮಾನರಲ್ಲ.

ಈ ಕಥೆಯಲ್ಲಿ ಇನ್ನೊಬ್ಬ ಡೈರೆಕ್ಟರ್ ಇದ್ದಾರೆ. ನನಗೆ ಅವರೇ ಹೆಚ್ಚು ಕುತೂಹಲ ಹುಟ್ಟಿಸುವವರು. ಲೂಸಿಯಾನಾದಲ್ಲಿ ಮೈಲ್ಸ್ ಮೇಲಿನ ಅಧಿಕಾರಿಯಾಗಿದ್ದವರು ಜೋ ಅಲೀವ. ಅಲ್ಲಿನ ಅಭಿಮಾನಿಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಜನಪ್ರಿಯ ಕೋಚ್‌ನನ್ನು ಹೊರಹಾಕಲು ಹೊಂಚುವ, ನಗದ, ಒರಟು ಮನುಷ್ಯ ಎಂದೇ ಮಾತು. 2021ರಲ್ಲಿ ಬಯಲಾದ ಕಾಗದಗಳಲ್ಲಿ ಅವರ 2013ರ ಮಿಂಚಂಚೆ ಇತ್ತು. ವಿದ್ಯಾರ್ಥಿನಿಯರಿಂದ ದೂರವಿರು ಎಂದು ನಾನೇ ಹೇಳಿದ್ದೆ, ಕೇಳಲಿಲ್ಲ, ಇಡೀ ಸಂಸ್ಥೆಯನ್ನು ಅಪಾಯಕ್ಕೆ ಒಡ್ಡಿದ್ದಾರೆ, ವಜಾ ಮಾಡಲು ಸಾಕಷ್ಟು ಕಾರಣವಿದೆ ಎಂಬ ಅರ್ಥದಲ್ಲಿ ಅವರು ಮೇಲಿನವರಿಗೆ ಬರೆದಿದ್ದರು. ಮೇಲಿನವರು ಒಪ್ಪಲಿಲ್ಲ. ಮೈಲ್ಸ್ ಇನ್ನೂ ಮೂರು ವರ್ಷ ಉಳಿದರು. 2016ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದಾಗ ಕಾರಣ ಪಂದ್ಯಗಳ ಸೋಲು. ಅಂದು ವಿಶ್ವವಿದ್ಯಾಲಯದ ಚುಕ್ಕಾಣಿ ಹಿಡಿದಿದ್ದ ಕಿಂಗ್ ಅಲೆಕ್ಸಾಂಡರ್ 2021ರ ಹೊತ್ತಿಗೆ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು. ಈ ಪ್ರಕರಣದಿಂದಾಗಿ ಅಲ್ಲಿ ರಾಜೀನಾಮೆ ಕೊಡಬೇಕಾಯಿತು.

ಹಾಗಾದರೆ ಅಲೀವ ನಾಯಕರೇ? ಸ್ವಲ್ಪ ನಿಲ್ಲಿ. ಇದೇ ಅಲೀವ 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡೈರೆಕ್ಟರ್. ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಆಟ) ತಂಡದ ಆಟಗಾರರ ಮೇಲೆ ಅತ್ಯಾಚಾರದ ಆರೋಪ ಬಂದಾಗ, ಆರೋಪಪಟ್ಟಿಯೂ ಸಿದ್ಧವಾಗುವ ಮೊದಲೇ, ಏಪ್ರಿಲ್ 5ರಂದು ಕೋಚ್ ಮೈಕ್ ಪ್ರೆಸ್ಲರ್ ಅವರಿಂದ ರಾಜೀನಾಮೆ ಪಡೆದರು, ತಂಡದ ಋತುವನ್ನು ರದ್ದು ಮಾಡಲಾಯಿತು. ಒಂದು ವರ್ಷದ ನಂತರ ರಾಜ್ಯದ ಅಟಾರ್ನಿ ಜನರಲ್ ಮೂವರು ಆರೋಪಿಗಳೂ ನಿರಪರಾಧಿಗಳು ಎಂದು ಘೋಷಿಸಿದರು. ಪ್ರಕರಣ ನಡೆಸಿದ ಪ್ರಾಸಿಕ್ಯೂಟರ್ ವಕೀಲಿ ಸನ್ನದನ್ನೇ ಕಳೆದುಕೊಂಡರು. ಪ್ರೆಸ್ಲರ್ ಆಮೇಲೆ 2010ರಲ್ಲಿ ಅಮೆರಿಕ ತಂಡಕ್ಕೆ ವಿಶ್ವ ಚಾಂಪಿಯನ್ ಪಟ್ಟ ಗೆದ್ದುಕೊಟ್ಟರು. ಡ್ಯೂಕ್‌ನಲ್ಲಿ ಊರಿನ ಕೂಗಿಗೆ ತಲೆಬಾಗಿ ಅವಸರ ಮಾಡಿದವರು, ಲೂಸಿಯಾನಾದಲ್ಲಿ ತನಿಖೆ ಮುಗಿದ ಮೇಲೆ, ಊರಿನ ಕೂಗಿಗೆ ಎದುರಾಗಿ ಲಿಖಿತವಾಗಿ ಬರೆದರು. ಹಳೆಯ ಪೆಟ್ಟು ಕಲಿಸಿದ ಪಾಠವೇ ಇದು? ನನ್ನ ಊಹೆ ಹೌದು ಎನ್ನುತ್ತದೆ; ಊಹೆಯಷ್ಟೇ. ಬರೆದದ್ದನ್ನು ಮೇಲಿನವರು ಮೂಲೆಗಿಟ್ಟಾಗ ಅವರು ಅದೇ ಕುರ್ಚಿಯಲ್ಲಿ ಮುಂದುವರಿದರು ಎಂಬುದನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಕ್ಯಾಮೆರಾ ಮುಂದೆ ಗಂಟಲು ಕಟ್ಟಿದವರು ಕಡತದಲ್ಲಿ ಸೋತರು, ಎಲ್ಲರೂ ಬೈದವರು ಕಡತದಲ್ಲಿ ಉಳಿದುಕೊಂಡರು. ಆದ್ದರಿಂದ ನೀವು ಕೇಳಿದ ಡೈರೆಕ್ಟರ್ ಬಗ್ಗೆ ನನ್ನ ಮೊದಲ ಪ್ರಶ್ನೆ ಇದು: ಅವರು ವಜಾ ಮಾಡಿದ ಆ ಕೋಚ್‌ನನ್ನು ನೇಮಿಸಿದವರು ಯಾರು? ಅವರೇ ಆಗಿದ್ದರೆ, ಮೊದಲ ದೂರು ಬಂದ ದಿನಕ್ಕೂ ವಜಾ ಆದ ದಿನಕ್ಕೂ ನಡುವೆ ಎಷ್ಟು ಕಾಲ ಕಳೆಯಿತು? ಪತ್ರಿಕೆಯಲ್ಲಿ ಬರುವ ಮೊದಲು ವಜಾ ಆದರೇ, ಬಂದ ಮೇಲೆಯೇ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರನ್ನು ಕಾವಲುಗಾರ ಎಂದು ಹೊಗಳುವುದು ಈ ಕ್ಷೇತ್ರದ ಹಳೆಯ ಚಾಳಿ.

ಮಹಾ ಸುಳ್ಳುಗಾರ ಎಂದು ಬರೆಯುವವರ ಮಾತಿಗೂ ಇದೇ ಅಳತೆ ಇರಲಿ. 2017ರ ನವೆಂಬರ್ 26ರಂದು ಟೆನೆಸಿ ವಿಶ್ವವಿದ್ಯಾಲಯ ಗ್ರೆಗ್ ಶಿಯಾನೊ ಅವರನ್ನು ಕೋಚ್ ಆಗಿ ತರಲಿದೆ ಎಂದು ಗೊತ್ತಾದ ಕೂಡಲೇ ಅಭಿಮಾನಿಗಳು ದಂಗೆಯೆದ್ದರು. ಶಿಯಾನೊ ಹಿಂದೆ ಕೆಲಸ ಮಾಡಿದ್ದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಅವರಿಗೆ ಮೊದಲೇ ಗೊತ್ತಿತ್ತು ಎಂಬುದು ಆರೋಪ. ಅದರ ಮೂಲ, ಒಬ್ಬ ಸಾಕ್ಷಿ ತನಗೆ ಇನ್ನೊಬ್ಬರು ಹೀಗೆ ಹೇಳಿದ್ದರು ಎಂದು ನ್ಯಾಯಾಲಯದ ವಿಚಾರಣೆಯೊಂದರಲ್ಲಿ ಆಡಿದ ಮಾತು. ಶಿಯಾನೊ ಅದನ್ನು ಸಾರಾಸಗಟಾಗಿ ನಿರಾಕರಿಸಿದ್ದರು. ಸಂಜೆಯೊಳಗೆ ನೇಮಕ ಮುರಿದುಬಿತ್ತು, ಡಿಸೆಂಬರ್ 1ಕ್ಕೆ ಡೈರೆಕ್ಟರ್ ಜಾನ್ ಕರಿ ಅವರನ್ನೂ ಕುರ್ಚಿಯಿಂದ ಇಳಿಸಲಾಯಿತು. ಬಂದು ಎಂಟು ತಿಂಗಳು ಆಗಿತ್ತಷ್ಟೇ.

ಆದರೆ ಪರದೇಶಕ್ಕೆ ಮಗಳನ್ನು ಕಳುಹಿಸುವ ತಂದೆಯಾಗಿ ನೀವು ನೋಡಬೇಕಾದದ್ದು ಇದೇ ಕರಿ ಅವರ ಇನ್ನೊಂದು ತೀರ್ಮಾನವನ್ನು. 2014ರಲ್ಲಿ ಅವರು ಕ್ಯಾನ್ಸಸ್ ಸ್ಟೇಟ್ ಎಂಬ ಬೇರೊಂದು ವಿಶ್ವವಿದ್ಯಾಲಯದಲ್ಲಿದ್ದಾಗ, ಸ್ಪೇನ್‌ನಿಂದ ಬಂದಿದ್ದ ಬಾಸ್ಕೆಟ್‌ಬಾಲ್ ಆಟಗಾರ್ತಿ ಲೆಟೀಸಿಯಾ ರೊಮೇರೊ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ಅನುಮತಿ ಕೇಳಿದಳು. ಅವಳು ಮೊದಲ ವರ್ಷದವಳು. ಅವಳನ್ನು ಕರೆತಂದ ಕೋಚ್ ಅನ್ನು ಆಡಳಿತವೇ ತೆಗೆದುಹಾಕಿತ್ತು. ಆದರೂ ಬಿಡುಗಡೆ ಕೊಡಲಿಲ್ಲ. ಕ್ಯಾಂಪಸ್ಸಿನ ಮೇಲ್ಮನವಿ ಸಮಿತಿಯೂ ಕೈಯೆತ್ತಿತು. ಆಗಿನ ನಿಯಮದಂತೆ ಬಿಡುಗಡೆ ಪತ್ರವಿಲ್ಲದೆ ಹೋದರೆ ಹೊಸ ಜಾಗದಲ್ಲಿ ಒಂದು ವರ್ಷ ವಿದ್ಯಾರ್ಥಿವೇತನ ಸಿಗುತ್ತಿರಲಿಲ್ಲ. ಊರು ಬಿಟ್ಟು ಬಂದ ಹುಡುಗಿಗೆ ಅದರ ಅರ್ಥ ಏನೆಂದು ನಿಮಗೆ ಹೇಳಬೇಕಾಗಿಲ್ಲ. ದೇಶದಾದ್ಯಂತ ಪತ್ರಿಕೆಗಳು ತರಾಟೆಗೆ ತೆಗೆದುಕೊಂಡ ಮೇಲೆ ಜೂನ್‌ನಲ್ಲಿ ಬಿಟ್ಟರು, ಅವಳು ಫ್ಲಾರಿಡಾ ಸ್ಟೇಟ್‌ಗೆ ಹೋದಳು. ಅಂದರೆ ಕರಿ ಕೆಲಸ ಕಳೆದುಕೊಂಡದ್ದು ಕೇಳಿಸಿಕೊಂಡ ಮಾತಿನ ಗಲಾಟೆಯಲ್ಲಿ. ನನ್ನ ಮಟ್ಟಿಗೆ ಅವರ ದೊಡ್ಡ ತಪ್ಪು ಈ ಹುಡುಗಿಯನ್ನು ಹಿಡಿದಿಟ್ಟದ್ದು. 2018ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ, ಈಗ ಯಾವ ಡೈರೆಕ್ಟರ್ ಕೂಡ ಹೋಗುವವರನ್ನು ಹಾಗೆ ಹಿಡಿದಿಡಲಾರರು. ಹಾಗೆಂದು ಈ ಪರೀಕ್ಷೆ ಹಳೆಯದಾಗಿಲ್ಲ. ನಿಯಮದಲ್ಲಿ ಬೇಡ ಎನ್ನುವ ಅಧಿಕಾರವಿದ್ದಾಗ, ಬಲವಿಲ್ಲದವರ ಮೇಲೆ ಅದನ್ನು ಬಳಸಿದರೇ? ನಿಮ್ಮವರು 2018ಕ್ಕೆ ಮೊದಲೂ ಈ ಹುದ್ದೆಯಲ್ಲಿದ್ದರೆ ಹುಡುಕಿ ನೋಡಿ.

ಖಾಸಗಿ ಬದುಕಿನ ಕಳಂಕಕ್ಕೆ ಎಷ್ಟು ತೂಕ ಕೊಡಬೇಕು ಎಂಬುದೂ ನಿಮ್ಮ ಪ್ರಶ್ನೆಯ ಒಳಗಿದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಡೈರೆಕ್ಟರ್ ಡೇಮನ್ ಎವನ್ಸ್ 2010ರ ಜೂನ್ 30ರ ರಾತ್ರಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದು, ವಾರದೊಳಗೆ ಕೆಲಸ ಬಿಟ್ಟರು. ಕುಡಿದು ಗಾಡಿ ಓಡಿಸಬೇಡಿ ಎಂದು ಅಭಿಮಾನಿಗಳಿಗೆ ಹೇಳುವ ಅವರದೇ ವಿಡಿಯೊ ಕ್ರೀಡಾಂಗಣದಲ್ಲಿ ಪ್ರದರ್ಶನವಾಗುತ್ತಿತ್ತು! ನಗುವಂಥ ವಿಷಯ, ಆದರೆ ತಂದೆಯಾಗಿ ನಾನು ಅದನ್ನು ಬದಿಗಿಡುತ್ತೇನೆ. ಅವರು ಮೇರಿಲ್ಯಾಂಡ್‌ನಲ್ಲಿ ಹಂಗಾಮಿ ಡೈರೆಕ್ಟರ್ ಆಗಿದ್ದಾಗ, 2018ರ ಮೇ 29ರಂದು, ಜೋರ್ಡನ್ ಮೆಕ್‌ನೇರ್ ಎಂಬ ಹತ್ತೊಂಬತ್ತರ ಆಟಗಾರ ಅಭ್ಯಾಸದ ವೇಳೆ ಬಿಸಿಲಿನ ಆಘಾತಕ್ಕೆ ಒಳಗಾದ. ಲಕ್ಷಣ ಕಾಣಿಸಿಕೊಂಡ ಮೇಲೆ ಆಂಬುಲೆನ್ಸ್ ಮೈದಾನದಿಂದ ಹೊರಡುವುದಕ್ಕೆ 1 ಗಂಟೆ 39 ನಿಮಿಷ ಹಿಡಿಯಿತೆಂದು ತನಿಖೆ ಹೇಳಿತು; ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸುವ ಸರಳ ಚಿಕಿತ್ಸೆಯೂ ಸಿಗಲಿಲ್ಲ. ಎರಡು ವಾರದ ನಂತರ ಹುಡುಗ ತೀರಿಕೊಂಡ. ಆಮೇಲೆ ಕೆಲವೇ ದಿನಗಳಲ್ಲಿ ಎವನ್ಸ್ ಹುದ್ದೆ ಕಾಯಂ ಆಯಿತು. ಆಗಸ್ಟ್‌ನಲ್ಲಿ ಅವರು ಮತ್ತು ವಿಶ್ವವಿದ್ಯಾಲಯದ ಅಧ್ಯಕ್ಷರು ತಂದೆತಾಯಿಯ ಬಳಿಗೇ ಹೋಗಿ ಕ್ಷಮೆ ಕೇಳಿದರು, ಸಂಸ್ಥೆ ಕಾನೂನಿನ ಹೊಣೆಯನ್ನೂ ನೈತಿಕ ಹೊಣೆಯನ್ನೂ ಒಪ್ಪಿಕೊಂಡಿತು. ವಕೀಲರನ್ನು ಮುಂದಿಟ್ಟು ಅಡಗಿಕೊಳ್ಳುವುದೇ ವಾಡಿಕೆಯಾದ ಜಾಗದಲ್ಲಿ ಹಾಗೆ ಹೋಗುವುದು ಅಪರೂಪ, ಅದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಮಗಳ ಕೊಳದ ಬಳಿ ವೈದ್ಯಕೀಯ ಸಿಬ್ಬಂದಿ ಯಾರ ಮಾತು ಕೇಳಬೇಕು, ಕೋಚ್ ಬೇಡವೆಂದರೂ ಅಭ್ಯಾಸ ನಿಲ್ಲಿಸುವ ಅಧಿಕಾರ ಅವರಿಗೆ ಇದೆಯೇ ಎಂಬುದು 2010ರ ಆ ರಾತ್ರಿಗಿಂತ ಸಾವಿರ ಪಾಲು ಮುಖ್ಯ.

ಈಜಿನ ವಿಷಯಕ್ಕೆ ಬರೋಣ. 2020ರ ಆಗಸ್ಟ್‌ನಲ್ಲಿ ಅಯೋವಾ ವಿಶ್ವವಿದ್ಯಾಲಯ ನಾಲ್ಕು ತಂಡಗಳನ್ನು ರದ್ದು ಮಾಡಿತು. ಅವುಗಳಲ್ಲಿ ಪುರುಷರ ಈಜು, ಮಹಿಳೆಯರ ಈಜು ಎರಡೂ ಸೇರಿದ್ದವು. ಕೋವಿಡ್‌ನಿಂದ ಫುಟ್‌ಬಾಲ್ ಋತು ಮುಂದೂಡಿದ್ದು ಕಾರಣ ಎಂದು ಡೈರೆಕ್ಟರ್ ಗ್ಯಾರಿ ಬಾರ್ಟ ಹೇಳಿದರು. ತಿಂಗಳೊಳಗೆ ಫುಟ್‌ಬಾಲ್ ಮರಳಿ ಬರುವುದು ಖಚಿತವಾಯಿತು, ಆದರೂ ರದ್ದತಿ ಹಾಗೇ ಉಳಿಯಿತು. ಪ್ರೇಕ್ಷಕರಿಲ್ಲದ ಪಂದ್ಯಗಳಿಂದ ಮೊದಲಿನ ಆದಾಯ ಬರುವುದಿಲ್ಲ ಎಂಬ ಅವರ ವಾದವೂ ಸುಳ್ಳಲ್ಲ. ಆದರೆ ಲಿಂಗ ತಾರತಮ್ಯ ನಿಷೇಧಿಸುವ ಟೈಟಲ್ ನೈನ್ ಕಾನೂನಿನಡಿ ಈಜುಗಾರ್ತಿಯರು ಮೊಕದ್ದಮೆ ಹೂಡಿ, ನ್ಯಾಯಾಲಯದ ತಡೆಯಾಜ್ಞೆ ಬಂದ ಮೇಲೆ, 2021ರ ಫೆಬ್ರವರಿಯಲ್ಲಿ ಮಹಿಳೆಯರ ತಂಡವನ್ನು ಮರಳಿ ತಂದರು. ಪುರುಷರ ತಂಡ ಬರಲಿಲ್ಲ. ಸ್ಟ್ಯಾನ್‌ಫರ್ಡ್ ಕೂಡ ಅದೇ ಬೇಸಿಗೆಯಲ್ಲಿ 11 ಆಟಗಳನ್ನು ಕೈಬಿಡುವುದಾಗಿ ಹೇಳಿ, ಮುಂದಿನ ಮೇ ತಿಂಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಈಗಂತೂ ಒತ್ತಡ ಇನ್ನೂ ಹೆಚ್ಚು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು; 2025-26ರ ಸಾಲಿಗೆ ಒಂದೊಂದು ವಿಶ್ವವಿದ್ಯಾಲಯದ ಮಿತಿ 2.05 ಕೋಟಿ ಡಾಲರ್ ಆಗಿತ್ತು. ಅದರ ಸಿಂಹಪಾಲು ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗೆ. ವಿದ್ಯಾರ್ಥಿ ವೀಸಾದಲ್ಲಿರುವ ನಿಮ್ಮ ಮಗಳಿಗೆ ಆ ಹಣ ಸಿಗುವುದು ಹೇಗೂ ಕಷ್ಟ. ಆದರೆ ಅದನ್ನು ಹೊಂದಿಸಲು ಎಲ್ಲಿ ಕತ್ತರಿ ಹಾಕುತ್ತಾರೆ ಎಂಬುದು ಅವಳಿಗೆ ನೇರವಾಗಿ ತಟ್ಟುತ್ತದೆ.

ಇಷ್ಟನ್ನೂ ಬೆಂಗಳೂರಿನಲ್ಲಿ ಕುಳಿತು ತಿಳಿಯಬಹುದೇ? ಬಹುಪಾಲು ತಿಳಿಯಬಹುದು. ಸರ್ಕಾರಿ ವಿಶ್ವವಿದ್ಯಾಲಯ ಎಂದಿದ್ದೀರಿ, ಅದು ನಿಮ್ಮ ಅದೃಷ್ಟ. ನಮ್ಮ ಮಾಹಿತಿ ಹಕ್ಕಿನಂಥ ಕಾನೂನು ಅಲ್ಲಿ ಪ್ರತಿ ರಾಜ್ಯದಲ್ಲೂ ಇದೆ. ಕೆಲವು ರಾಜ್ಯಗಳಲ್ಲಿ ಅಲ್ಲಿನ ನಿವಾಸಿಗಳಷ್ಟೇ ಅರ್ಜಿ ಹಾಕಬಹುದು, ಆದರೆ ವಿದ್ಯಾರ್ಥಿ ಪತ್ರಿಕೆಯವರು ಹಾಕಿದ ಅರ್ಜಿಗಳ ಫಲ ಆ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಸಿಗುತ್ತದೆ. ದೊಡ್ಡ ಪತ್ರಿಕೆಗಳನ್ನು ಆಮೇಲೆ ಓದಿ, ಮೊದಲು ವಿದ್ಯಾರ್ಥಿ ಪತ್ರಿಕೆ ಓದಿ. ಡೈರೆಕ್ಟರ್ ಅವರ ಒಪ್ಪಂದ, ಆಡಳಿತ ಮಂಡಳಿಯ ಸಭೆಯ ನಡಾವಳಿ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮ ಉಲ್ಲಂಘನೆಯ ತೀರ್ಪುಗಳು, ನ್ಯಾಯಾಲಯದ ಕಾಗದಗಳು ಎಲ್ಲವೂ ಸಾರ್ವಜನಿಕ. ಹಿಂದಿನ ಕಾಲೇಜಿನಲ್ಲಿ ಇವರ ಕಾಲದಲ್ಲಿ ಬಿಟ್ಟುಹೋದ ಮಹಿಳಾ ಕೋಚ್‌ಗಳು ಎಷ್ಟು, ರಾಜಿ ಹಣ ಎಷ್ಟು ಸಲ ಕೊಟ್ಟರು ಎಂದು ನೋಡಿ. ಅಲ್ಲಿ ಈಜಿದ ಹಳೆಯ ವಿದ್ಯಾರ್ಥಿನಿಯರಲ್ಲಿ, ತಂಡದಿಂದ ಅರ್ಧಕ್ಕೆ ಹೊರಬಂದವರನ್ನು ಹುಡುಕಿ ಮಾತನಾಡಿಸಿ. ನಾಲ್ಕು ವರ್ಷ ಮುಗಿಸಿದವರು ಹೇಗಿದ್ದರೂ ಹೊಗಳುತ್ತಾರೆ.

ಭೇಟಿಯ ದಿನ ಡೈರೆಕ್ಟರ್ ಐದು ನಿಮಿಷ ಸಿಕ್ಕರೂ ಸಿಗಬಹುದು. ಗುಣ, ಮೌಲ್ಯ ಎಂದೆಲ್ಲ ಕೇಳಬೇಡಿ, ಅದಕ್ಕೆ ಸಿದ್ಧ ಉತ್ತರವಿದೆ. ಹೀಗೆ ಕೇಳಿ: ನೀವು ವಜಾ ಮಾಡಿದ ಆ ಕೋಚ್ ಬಗ್ಗೆ ಮೊದಲ ದೂರು ನಿಮ್ಮ ಕೈಗೆ ಬಂದದ್ದು ಯಾವಾಗ, ನೇಮಿಸುವ ಮೊದಲು ಅವರ ಹಿಂದಿನ ಕಾಲೇಜಿನಲ್ಲಿ ಯಾರ ಯಾರನ್ನು ವಿಚಾರಿಸಿದ್ದಿರಿ? ದಿನಾಂಕ, ಹೆಸರು ಹೇಳಿದರೆ ಬರೆದುಕೊಳ್ಳಿ. ಅವು ನಡಾವಳಿಯ ದಿನಾಂಕಗಳಿಗೆ ಹೊಂದುತ್ತವೆಯೇ ಎಂದು ರಾತ್ರಿ ಹೋಟೆಲಿನಲ್ಲಿ ಕುಳಿತು ತಾಳೆ ನೋಡಿ. ಹೊಂದದಿದ್ದರೆ ಎರಡನ್ನೂ ನನಗೆ ಕಳುಹಿಸಿ, ವಿದ್ಯಾರ್ಥಿವೇತನದ ಪತ್ರಕ್ಕೆ ಸಹಿ ಮಾಡುವ ಮೊದಲೇ.